ನಾಲ್ಕನೆಯ ಪೆಟ್ಟು

ನನ್ನ ವಕೀಲಮ್ಮಾ,

ಮೂರು ವರ್ಷಕ್ಕೇ ಹಾಲಿನ ಲೋಟದ ವಿರುದ್ಧ ತಾಸುಗಟ್ಟಲೆ ವಾದ ಹೂಡುತ್ತಿದ್ದವಳಿಗೆ ನಾನಿಟ್ಟ ಅಡ್ಡಹೆಸರು ಇದು. ಕಾಗದವನ್ನಾದರೆ ನೀನು ಕೊನೆಯವರೆಗೆ ಓದೀಯೆ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಇಂಗ್ಲಿಷ್ ಉಚ್ಚಾರಣೆ ಕಲಿಸಿ ಹೊಟ್ಟೆ ಹೊರೆದವನು ನಾನು. ಉದ್ದನೆಯ ಪದ ಕಂಡರೆ ಹುರುಳಿಕಾಯಿಯಂತೆ ಮುರಿದುಹಾಕುವ ಚಟ. ಒಂಬತ್ತನೇ ವಯಸ್ಸಿನಲ್ಲಿ ನಿನಗೆ ಉಗ್ಗು ಹತ್ತಿದಾಗ, ಮದ್ದು ಮನೆಯಲ್ಲೇ ಇದೆ ಎಂದು ಬೀಗಿದೆ. ‘ರಿಸ್ಪಾನ್ಸಿಬಿಲಿಟಿ’ ನೆನಪಿದೆಯೆ? ರಿ-ಸ್ಪಾನ್-ಸಿ-ಬಿ-ಲಿ-ಟಿ. ಊಟದ ಮೇಜಿನ ಮೇಲೆ ಬೆರಳಗೆಣ್ಣಿನಿಂದ ಆರು ಪೆಟ್ಟು. ಒತ್ತು ‘ಬಿ’ಯ ಮೇಲೆ, ಹಾಗಾಗಿ ನಾಲ್ಕನೆಯದು ಜೋರು. ಪದದ ತಲೆಯಲ್ಲಿ ‘ಉತ್ತರ’ ಎಂಬ ಅರ್ಥ, ನಡುವಿನಲ್ಲಿ ‘ಕೊಡಬಲ್ಲ’, ಬಾಲದಲ್ಲಿ ‘ತನ’ ಎಂದು ನಿನ್ನ ತಟ್ಟೆ ತಣ್ಣಗಾಗುವವರೆಗೆ ಬಿಡಿಸಿದೆ. “ಇದು ಊಟದ ಮೇಜು ಕಣ್ರೀ, ಬಡಗಿ ಹಲಗೆ ಅಲ್ಲ” ಎಂದಳು ನಿನ್ನಮ್ಮ. ನಾನು ಕೊಡುತ್ತಿದ್ದದ್ದು ಒತ್ತಲ್ಲ, ಒತ್ತಡ ಎಂದು ಅವಳಿಗೆ ಅಂದೇ ಗೊತ್ತಿತ್ತು.

ಶಾಲೆಯ ಭಾಷಣದ ದಿನ ನೀನು ಅದೇ ಪದದ ಹತ್ತಿರ ಬಂದು ನಿಂತೆ. ‘ಸ್ಪಾನ್’ನ ‘ಪಾ’ಗೆ ಮುಚ್ಚಿದ ತುಟಿ ತೆರೆಯಲಿಲ್ಲ. ಕಣ್ಣನ್ನು ಎದುರಿನ ಗೋಡೆಗೆ ನೆಟ್ಟು ಉಸಿರು ಕೂಡಿಸಿಕೊಳ್ಳುತ್ತಿದ್ದೆ. ಇನ್ನೊಂದು ಗಳಿಗೆ ಕಾಯಬೇಕಿತ್ತು. ಮುಂದಿನ ಸಾಲಿನಲ್ಲಿ ಕೂತ ನಿನ್ನಪ್ಪನೆಂಬ ಪಂಡಿತ ಕಾಯಲಿಲ್ಲ. ಕುರ್ಚಿಯ ಕೈಯ ಮೇಲೆ ತಟ್ಟಿದ, ನಾಲ್ಕನೆಯದನ್ನು ಜೋರಾಗಿ. ಹಿಂದಿನ ಬೆಂಚಿನ ಮಕ್ಕಳು ತಾವೂ ತಟ್ಟಿದರು. ಇಡೀ ಸಭೆ ತಟ್ಟಿತು, ನಕ್ಕಿತು. ನೀನು ಇಳಿದು ಬಂದೆ.

ಮನೆಯ ಬಾಗಿಲಲ್ಲಿ ಒಂದಕ್ಷರವೂ ಉಗ್ಗದೆ ಹೇಳಿದೆ: “ಅಪ್ಪಾ, ನೀನು ತಟ್ಟದೆ ಇದ್ದಿದ್ರೆ ನಾನು ಹೇಳಿಬಿಡ್ತಿದ್ದೆ.”

ನನ್ನೊಡನೆ ನೀನಾಡಿದ ಕೊನೆಯ ಪೂರ್ತಿ ವಾಕ್ಯ ಅದು. ಆಮೇಲೆ ಬರೀ ‘ಹ್ಞೂಂ’, ‘ಬೇಡ’. ಅಡುಗೆಮನೆಯಲ್ಲಿ ಅಮ್ಮನೊಡನೆ ಹರಟುತ್ತಿದ್ದವಳು ನನ್ನ ಚಪ್ಪಲಿ ಸದ್ದಾದರೆ ನಲ್ಲಿ ತಿರುಗಿಸಿದಂತೆ ನಿಂತುಹೋಗುತ್ತಿದ್ದೆ. ತಪ್ಪೊಪ್ಪಿಕೊಳ್ಳಲೆಂದು ಬಂದವನು ಪ್ರತಿ ಸಲವೂ ಒಂದು ಚಟಾಕಿ ಹಾರಿಸಿ ವಾಪಸಾದೆ. ಹಾಗೇ ಇಪ್ಪತ್ತು ವರ್ಷ ಸವೆಯಿತು.

ಬರುವ ವಾರ ನಿನ್ನ ಆಫೀಸಿನ ಸಭೆಯಲ್ಲಿ ನೀನು ಮಾತಾಡುತ್ತೀಯಂತೆ. “ಅಮ್ಮ, ನೀನೊಬ್ಬಳೇ ಬಾ” ಅಂದೆಯಂತೆ. ಅವಳು ಹೇಳಲೊಲ್ಲಳು, ನಾನೇ ಬಾಯಿ ಬಿಡಿಸಿದೆ. ಇಂದಿಗೂ ನಾನು ಎದುರಿಗಿದ್ದರೆ ನಿನ್ನ ನಾಲಿಗೆ ಗಂಟು ಬೀಳುತ್ತದೆ. ಇದಕ್ಕೆ ನನ್ನ ಹತ್ತಿರ ಚಟಾಕಿಯಿಲ್ಲ, ಮಗಳೇ.

ನಾನು ಬರುವುದಿಲ್ಲ. ಬಾಗಿಲ ಮರೆಯಲ್ಲೂ ನಿಲ್ಲುವುದಿಲ್ಲ. ಹೇಗಾಯಿತು ಎಂದು ಅಮ್ಮನನ್ನೂ ಕೇಳುವುದಿಲ್ಲ. ನಾನಿಲ್ಲದ ಕಡೆಯಲ್ಲೆಲ್ಲ ನಿನ್ನ ಮಾತು ತಡೆಯಿಲ್ಲದೆ ಹರಿಯಲಿ.

ದೂರದಿಂದಲೇ ಹರಸುವ,
ನಿನ್ನಪ್ಪ