ಹೋದದ್ದು ವಾಪಸ್ ಬರಬೇಕು

ಮನೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ವಿದ್ಯುತ್ ಕಂಬ ಹತ್ತಿಳಿದು ಮಂಡಿನೋವು ಅಂದಿದ್ದೆಯಲ್ಲ, ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಶೀಶೆಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡುತ್ತೀಯೋ? ಅಮ್ಮ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ. ಸೊಂಟ ಮುರಿದರೂ ಬಾಯಿ ಗಟ್ಟಿಯಾಗಿಯೇ ಇದೆ. ಕಾಗದ ಯಾಕೆ ಅನ್ನುತ್ತೀ. ಫೋನಿನಲ್ಲಿ ನೀನು ನನ್ನ ಮಾತನ್ನು ನಡುವೆಯೇ ಕತ್ತರಿಸುತ್ತೀ. ಕಾಗದದಲ್ಲಿ ನಿನಗೆ ಆ ಸೌಕರ್ಯವಿಲ್ಲ.

ಮೊನ್ನೆ ನಮ್ಮ ಆಫೀಸಿನಲ್ಲಿ ಒಂದು ಮಹಡಿಯ ಕಂಪ್ಯೂಟರುಗಳೆಲ್ಲ ಒಮ್ಮೆಲೇ ಮೂಕವಾದವು. ಹೋಗಿ ನೋಡಿದರೆ ಲೆಕ್ಕ ವಿಭಾಗದ ಹಿರಿಯರೊಬ್ಬರು, ನೆಲದ ಮೇಲೆ ಬಿದ್ದಿದ್ದ ತಂತಿಯ ತುದಿಗೆ ಕನಿಕರಪಟ್ಟು, ಅದರ ಇನ್ನೊಂದು ತುದಿಯಿದ್ದ, ಎಲ್ಲ ಕಂಪ್ಯೂಟರುಗಳ ತಂತಿಯೂ ಸೇರುವ ಪೆಟ್ಟಿಗೆಗೇ ಚುಚ್ಚಿಬಿಟ್ಟಿದ್ದರು. ಸಂದೇಶಗಳು ಅಲ್ಲೇ ಸುತ್ತಿ ಸುತ್ತಿ ಬೇರೆ ಯಾವುದಕ್ಕೂ ಜಾಗವಿಲ್ಲ. "ಹಾಗೇ ಬಿಟ್ಟಿದ್ರೂ ನೀವು ಬೈತಿದ್ರಿ ಬಿಡಿ ಮೇಡಂ" ಎಂದರು. ನಿನ್ನ ನೆನಪಾಯಿತು. ನೆಟ್‌ವರ್ಕ್ ಅಂದರೇನು ಎಂದು ಊಟಕ್ಕೆ ಕೂತಾಗಲೆಲ್ಲ ನಮ್ಮ ವಾದ. "ಸುತ್ತು ಪೂರ್ತಿ ಆಗದೆ ಕರೆಂಟ್ ಹರಿಯಲ್ಲ ಕಣೇ, ಹೋದದ್ದು ವಾಪಸ್ ಬರಬೇಕು" ಅಂತ ನೀನು. "ನಮ್ಮಲ್ಲಿ ಸುತ್ತು ಬಿದ್ರೆ ಎಲ್ಲಾ ಮುಳುಗುತ್ತೆ. ಯಾರು ಯಾರನ್ನ ತಲುಪಬಹುದು, ಅದೇ ನೆಟ್‌ವರ್ಕ್" ಅಂತ ನಾನು. "ಊಟ ಆರ್ತಾ ಇದೆ, ಬಲೆ ಆಮೇಲೆ ಬೀಸಿ" ಅಂತ ಅಮ್ಮ.

ನಮ್ಮ ತಂಗಿ, ಚಿಕ್ಕವಳು, ಅಮ್ಮನೊಂದಿಗೆ ಜಗಳವಾಡಿ ಮನೆ ಬಿಟ್ಟಾಗ ನೀನು ಹೇಳಿದೆ: "ಇನ್ನು ಎಲ್ಲಾ ನನ್ನ ಮೂಲಕ ಹೋಗಲಿ, ಕಿಡಿ ಹಾರೋದು ಬೇಡ." ಒಪ್ಪಿದೆವು. ಎಲ್ಲ ತಂತಿಗಳನ್ನೂ ಒಂದೇ ಪೆಟ್ಟಿಗೆಗೆ ತರುವುದು ಅಚ್ಚುಕಟ್ಟು, ಆ ಪೆಟ್ಟಿಗೆ ಕೈಕೊಡುವವರೆಗೆ. ಅಮ್ಮ ಬಿದ್ದ ಸುದ್ದಿಯನ್ನು ಅವಳಿಗೆ ಮುಟ್ಟಿಸು ಎಂದೆವು. "ಹೇಳಿದೆ, ಬರಲ್ವಂತೆ" ಎಂದು ನಿನ್ನ ಉತ್ತರ ಬಂತು. ಅಂದಿನಿಂದ ಅಮ್ಮ ಅವಳ ಮಾತೆತ್ತಿಲ್ಲ. ಗೇಟು ಸದ್ದಾದರೆ ಮಾತ್ರ ತಲೆ ಎತ್ತುತ್ತಾಳೆ.

ದಾರಿಯ ಮೇಲೆ ಅನುಮಾನ ಬಂದರೆ ನಾವು ಒಂದು ಪುಟ್ಟ ಸಂದೇಶ ಕಳಿಸಿ, ಆ ತುದಿಯಿಂದ ಮಾರುತ್ತರ ಬರುತ್ತದೆಯೇ ನೋಡುತ್ತೇವೆ. ನಾನೂ ಕಳಿಸಿದೆ. ಅವಳ ಹಳೆಯ ಟ್ರಂಕಿನ ಬೀಗದ ಕೈ ಎಲ್ಲಿದೆ, ಕೇಳಿ ಹೇಳು ಎಂದೆ. ಮರುದಿನ ನಿನ್ನ ಉತ್ತರ: "ಕಳೆದುಹೋಗಿದೆಯಂತೆ, ಬೀಗ ಒಡೆದುಬಿಡಿ ಅಂದ್ಲು." ಅಣ್ಣಾ, ಆ ಟ್ರಂಕಿಗೆ ಎಂದೂ ಬೀಗವೇ ಇರಲಿಲ್ಲ. ಅವಳು ಅದಕ್ಕೆ ಹಗ್ಗ ಕಟ್ಟುತ್ತಿದ್ದಳು, ಬಿಚ್ಚಲಾಗದೆ ಹಲ್ಲು ಹಾಕುತ್ತಿದ್ದಳು. ಆಗ ನೀನು ಕೆಲಸದ ಮೇಲೆ ದೂರದಲ್ಲಿದ್ದೆ, ನಿನಗೆ ತಿಳಿಯದು.

ನಮ್ಮ ಮಾತು ಆ ಹಿರಿಯರ ತಂತಿಯ ಹಾಗೆ ನಿನ್ನಿಂದ ಹೊರಟು ನಿನ್ನನ್ನೇ ಸೇರುತ್ತಿತ್ತು. ಶಾಂತಿಗಾಗಿಯೇ ಮಾಡಿರುತ್ತೀ. ಏನೂ ಹರಿಯದ ತಂತಿಯಷ್ಟು ಶಾಂತವಾದದ್ದು ಬೇರೇನಿದೆ? ನನಗೆ ಆ ಶಾಂತಿ ಬೇಡ. ವಾದದಲ್ಲಿ ನೀನೇ ಗೆದ್ದೆ ಅಂದುಕೋ. ಹೋದದ್ದು ವಾಪಸ್ ಬರಲೇಬೇಕು. ಆದರೆ ಇನ್ನು ನನ್ನ ಯಾವ ಮಾತೂ ನಿನ್ನ ಮೂಲಕ ಹೋಗುವುದಿಲ್ಲ. ನಮ್ಮನ್ನು ಓದಿಸಿದವನು ನೀನು, ಮರೆತಿಲ್ಲ. ದೊಡ್ಡವರ ಮಾತು ಮೀರಿದಳು ಅನ್ನು. ಹೌದು, ಮೀರಿದ್ದೇನೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಕಂಬ ಹತ್ತುವಾಗ ಸೊಂಟದ ಪಟ್ಟಿ ಮರೆಯಬೇಡ.

ನಿನ್ನ ಬೆನ್ನಿಗೆ ಹುಟ್ಟಿದ
ನಡುವಿನವಳು

ತಾ.ಕ.: ಚಿಕ್ಕವಳು ಕೆಲಸ ಮಾಡುವ ಮುದ್ರಣಾಲಯವನ್ನು ಹುಡುಕಿಕೊಂಡು ಗುರುವಾರ ನಾನೇ ಹೋಗಿದ್ದೆ. ಅಮ್ಮ ಬಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ. "ನನ್ನ ಮುಖ ನೋಡಲ್ಲ ಅಂದ್ಲಂತಲ್ಲ ಅಮ್ಮ?" ಎಂದಳು. ಈಗ ಒಳಗೆ ಅಮ್ಮನ ತಲೆ ಬಾಚುತ್ತಿದ್ದಾಳೆ. ಆಗಲೇ ಇಬ್ಬರಿಗೂ ಜಗಳ ಹತ್ತಿದೆ, ಕೇಳಲು ಹಿತವಾಗಿದೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅಮ್ಮ ಇನ್ನೂ ಕೇಳಿಲ್ಲ. ಕೇಳಿದರೆ ನಾವಿಬ್ಬರೂ ಬಾಯಿ ಬಿಡುವುದಿಲ್ಲ. ನೀನು ಬಂದು ಹೇಳು. ಯಾರ ಮೂಲಕವೂ ಬೇಡ.