ಕಾಶವ್ವನ ಹಾಲಿಗಾಗಿ ಬೇರೆ ಒಲೆ

ಗಾಳಿಪೇಟೆ, ಕಪ್ಪತಗುಡ್ಡದ ಕೆಳಗೆ
ಎರಡನೆಯ ಎಣಿಕೆಯ ನೂರಾ ಹದಿನಾಲ್ಕನೆಯ ವರ್ಷ, ಗಾಳಿತಿಂಗಳ ಮೂವತ್ತೇಳನೆಯ ದಿನ

ನಮಗೆ ಇನ್ನೂ ಅಜ್ಜಿಯರಾಗದ ತಾಯಂದಿರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಮಳೆ ತನ್ನ ಕಾಲವನ್ನು ಮರೆತ ಮೇಲೆ ನಮ್ಮ ಹಿರಿಯರು ತಿಂಗಳುಗಳನ್ನು ಗಾಳಿ, ಬಿಸಿಲು, ಮೋಡಗಳ ಪ್ರಕಾರ ಹೊಸದಾಗಿ ಅಳೆದರು. ಗಾಳಿ ನಿಲ್ಲುವವರೆಗೆ ಗಾಳಿತಿಂಗಳು ಮುಗಿಯುವುದಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತದ್ದು, ಮನೆಯಲ್ಲಿ ಆಡಿದ್ದಲ್ಲ. ಈ ಕಾಗದ ನಿಮಗೆ ಹೇಗೆ ಮುಟ್ಟೀತೆಂಬುದೂ ನನಗೆ ತಿಳಿಯದು. ಆದರೂ ಇವತ್ತು ಬರೆಯದೆ ಇರಲಾಗುತ್ತಿಲ್ಲ.

ನನ್ನ ಹೆಸರು ಹೊನ್ನವ್ವ. ಗಂಡ ನೀಲಪ್ಪ ಗುಡ್ಡದ ಮೇಲಿನ ಗಾಳಿಕಂಬಗಳ ರೆಕ್ಕೆ ರಿಪೇರಿ ಮಾಡುತ್ತಾನೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ ಫಕೀರವ್ವ, ಮತ್ತು ಮಗಳು ಕಾಶವ್ವ. ಹೇಳಬೇಕಾದದ್ದು ಕಾಶವ್ವನ ವಿಷಯ. ಅದಕ್ಕೆ ಮೊದಲು ನಾವು ಏನು ಉಣ್ಣುತ್ತೇವೆಂದು ಹೇಳಬೇಕು.

ನಾವು ಉಣ್ಣುವುದು ಕೂಡನ್ನ. ಸೋಯಾ, ಶೇಂಗಾ, ಗೋಧಿ, ಮೊಟ್ಟೆಪುಡಿ, ಹಾಲಿನ ಪುಡಿ, ಒಣಮೀನು, ನುಗ್ಗೆಸೊಪ್ಪು ಎಲ್ಲವನ್ನೂ ಊರ ಗಿರಣಿಯಲ್ಲಿ ಒಟ್ಟಿಗೆ ಹುರಿದು ಬೀಸಿ, ಆವಿಯಲ್ಲಿ ಬೇಯಿಸಿ, ಚೌಕಾಕಾರದಲ್ಲಿ ಕೊಯ್ದು ಮನೆಮನೆಗೆ ಕಳಿಸುತ್ತಾರೆ. ಬೆಳಿಗ್ಗೆ ಗಾಡಿಯ ಗಂಟೆ ಕೇಳಿದರೆ ಓಣಿಯವರೆಲ್ಲ ತಾಟು ಹಿಡಿದು ಹೊರಗೆ ಬರುತ್ತಾರೆ. ರುಚಿ ಕೆಟ್ಟದ್ದಲ್ಲ, ಬಿಸಿಯಿದ್ದಾಗ ಹುರಿದ ಶೇಂಗಾದ ವಾಸನೆ ಬರುತ್ತದೆ. ನೀವು ಇದನ್ನು ಜೈಲಿನ ಊಟವೆಂದುಕೊಳ್ಳಬೇಡಿ. ಅತ್ತೆ ಚಿಕ್ಕವಳಿದ್ದಾಗ ದೊಡ್ಡ ಹಸಿವಿನ ವರ್ಷಗಳು ಬಂದವು. ಆಗ ಕೆಲವು ಮನೆಗಳವರು ಕಾಳು ಬಚ್ಚಿಟ್ಟುಕೊಂಡು, ಬಾಗಿಲು ಹಾಕಿಕೊಂಡು, ಒಳಗೇ ಒಲೆ ಹೂಡಿ ಉಂಡರು. ಹೊರಗೆ ಮಕ್ಕಳು ಸತ್ತವು. ಉಳಿದವರು ಸೇರಿ ಒಂದೇ ಗಿರಣಿ, ಒಂದೇ ಹಿಟ್ಟು, ಎಲ್ಲರಿಗೂ ಸಮ ಪಾಲು ಎಂದು ಗೊತ್ತುಮಾಡಿಕೊಂಡರು. ಆ ಕೂಡನ್ನವೇ ನಮ್ಮನ್ನು ಬದುಕಿಸಿತು. ಇವತ್ತಿಗೂ ನಮ್ಮೂರಲ್ಲಿ ಒಬ್ಬರನ್ನು ಬೈಯಬೇಕೆಂದರೆ 'ಬ್ಯಾರೆ ಒಲಿಯವ್ರು' ಎನ್ನುವುದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಕಾಶವ್ವ ಹುಟ್ಟುವಾಗ ತುಂಬಿಕೊಂಡ ಕೂಸಾಗಿದ್ದಳು. ಬಾಣಂತನ ಮುಗಿಯುವ ಮೊದಲೇ ಹಾಲು ಕುಡಿದ ಮೇಲೆ ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರತೊಡಗಿದಳು. ಕೆನ್ನೆ ಕೆಂಪಗೆ ಒಡೆದು ನೀರಾಡಿತು. ಹೊಟ್ಟೆಶೂಲೆ ಎಂದರು, ದೃಷ್ಟಿ ಎಂದರು, ನನ್ನ ಹಾಲಿಗೆ ಕಾವು ಹೆಚ್ಚು ಎಂದರು. ಹಸಿದು ಅಳುತ್ತಿದ್ದವಳು ಮೊಲೆ ಬಾಯಿಗಿಟ್ಟರೆ ಎರಡು ಗುಟುಕು ಕುಡಿದು ಮುಖ ತಿರುವುತ್ತಿದ್ದಳು. ನನ್ನನ್ನು ಕಂಡರೆ ಕೂಸಿಗೆ ಭಯವೇ ಎಂದು ನನಗೆ ಅನ್ನಿಸತೊಡಗಿತು. ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಹಸಿರು ಲೋಳೆಯ ನಡುವೆ ರಕ್ತದ ಎಳೆಗಳು ಕಂಡವು.

ನಮ್ಮೂರ ಡಾಕ್ಟರು ವಿಜಯಾಬಾಯಿ. ಅವರು ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಉಂಡದ್ದರಲ್ಲಿ ಯಾವುದೋ ಒಂದು ಹಾಲಿನ ಮೂಲಕ ಹೋಗಿ ಕೂಸಿನ ಕರುಳನ್ನು ಕೆರಳಿಸುತ್ತಿದೆ ಎಂದರು. ಇದು ಹಳೆಯ ಕಾಯಿಲೆಯೇ ಅಂತೆ. ನಿಮ್ಮ ಕಾಲದಲ್ಲಾದರೆ ತಾಯಿ ಒಂದೊಂದೇ ಪದಾರ್ಥ ಬಿಟ್ಟು ನೋಡುತ್ತಿದ್ದಳಂತೆ. ನಾನು ಏನನ್ನು ಬಿಡಲಿ? ಎಲ್ಲವೂ ಒಂದೇ ತುಂಡಿನಲ್ಲಿವೆ. ಬಾಟಲಿಯ ಹಾಲು ಕೊಡೋಣವೆಂದರೆ ಅದೂ ಕೂಡನ್ನವನ್ನೇ ಕದಡಿ ಸೋಸಿದ್ದು. ಬೇರೆ ತಾಯಿಯ ಹಾಲು ಎಂದರೆ ಅವಳೂ ಉಣ್ಣುವುದು ಅದನ್ನೇ. ಒಂದೇ ದಾರಿ ಉಳಿದಿದೆ, ಕೂಡನ್ನಕ್ಕೆ ಸೇರದ ಕಾಳನ್ನು ಬೀಜದ ಕೋಣೆಯಿಂದ ಕೇಳಬೇಕು ಎಂದು ಡಾಕ್ಟರು ಹೇಳಿದರು.

ಬಿತ್ತನೆಗಾಗಿ ಇಟ್ಟ ನವಣೆ, ಹೆಸರು, ಕುಂಬಳದ ಬೀಜ ಇರುವ ಕೋಣೆ ಅದು. ಅಲ್ಲಿಯದನ್ನು ಯಾರೂ ಉಣ್ಣುವಂತಿಲ್ಲ.

ಮನೆಗೆ ಬಂದು ಹೇಳಿದಾಗ ಅತ್ತೆ ಎದ್ದು ಹಿತ್ತಲಿಗೆ ನಡೆದಳು. ಹಸಿವಿನ ವರ್ಷಗಳಲ್ಲಿ ಅವಳ ಇಬ್ಬರು ತಮ್ಮಂದಿರು ತೀರಿಕೊಂಡಿದ್ದರು. ನೀಲಪ್ಪ ಗುಟ್ಟಾಗಿ ಒಂದಿಷ್ಟು ಕಾಳು ತರಲೇ ಎಂದು ಕೇಳಿದ. ಬೇಡ ಎಂದೆ. ಕದ್ದ ಕಾಳು ಉಂಡು ಸಿಕ್ಕಿಬಿದ್ದರೆ ಕೂಸಿನ ಮಾತನ್ನೇ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಕಾಶವ್ವನ ಕೈ ಸಣ್ಣಗಾಗಿ, ಮಣಿಕಟ್ಟಿಗೆ ಕಟ್ಟಿದ ಕರಿದಾರ ಮೊಣಕೈವರೆಗೆ ಜಾರುತ್ತಿತ್ತು.

ಕಟ್ಟೆ ಎಂದರೆ ನಮ್ಮ ಊರ ಸಭೆ. ಕೂಸನ್ನು ಎತ್ತಿಕೊಂಡು ಅಲ್ಲಿ ನಿಂತೆ. ವಿಜಯಾಬಾಯಿ ವಿಷಯ ವಿವರಿಸಿದರು. ಬೀಜದ ಕೋಣೆ ನೋಡಿಕೊಳ್ಳುವ ಮಾಬೂಬಿ ಚಿಗವ್ವ ಸುಳ್ಳು ಹೇಳುವವಳಲ್ಲ. ನವಣೆ ಕೊಟ್ಟರೆ ಕೆಳಗಿನ ಹೊಲದ ಒಂದು ಪಟ್ಟಿ ಬಿತ್ತದೆ ಉಳಿಯುತ್ತದೆ, ಮಳೆ ಕೈಕೊಟ್ಟರೆ ಆ ಕೊರತೆ ಎಲ್ಲ ಮಕ್ಕಳ ತಾಟಿಗೂ ಬರುತ್ತದೆ, ತನ್ನನ್ನು ಕೇಳಿದರೆ ಬೇಡ ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಳು ಹೇಳಿದ್ದು ನಿಜ. ಹಿಂದೆ ಕೂತವನೊಬ್ಬ ಬೇರೆ ಒಲೆಯ ಮಾತು ತೆಗೆದ. ಯಾರೂ ಅವನನ್ನು ತಡೆಯಲಿಲ್ಲ. ಆಗ ಹೆಂಗಸರ ಸಾಲಿನಿಂದ ಅತ್ತೆ ಎದ್ದಳು. ಅವಳೂ ಬೇಡವೆನ್ನಲು ಎದ್ದಳೆಂದೇ ನಾನು ತಿಳಿದೆ.

"ಬ್ಯಾರೆ ಒಲಿ ಹೂಡಿದವ್ರ ಬಾಗಲಾ ಬಡದಾಕಿ ನಾನು," ಎಂದಳು. "ಒಳಗಿಂದ ವಾಸನಿ ಬರ್ತಿತ್ತು, ಬಾಗಲಾ ತೆಗೀಲಿಲ್ಲ. ಅವರು ಹೆಚ್ಚಿಂದ ಬೇಕಂತ ಒಲಿ ಹೂಡಿದ್ರು. ಈಕಿ ಹೆಚ್ಚಿಂದು ಕೇಳಾಕತ್ತಿಲ್ರೀ. ಕಡಿಮಿ ಕೇಳಾಕತ್ತಾಳ."

ಕಟ್ಟೆ ಒಪ್ಪಿತು, ಆದರೆ ಷರತ್ತು ಹಾಕಿತು. ಒಲೆ ಮನೆಯೊಳಗಲ್ಲ, ಕಟ್ಟೆಯ ಎದುರು ಬಯಲಲ್ಲಿ ಹೂಡಬೇಕು. ನಾನು ಉಣ್ಣುವುದು ಎಲ್ಲರ ಕಣ್ಣಿಗೂ ಕಾಣಬೇಕು. ನವಣೆ, ಉಪ್ಪು, ಬೀಜ ತೆಗೆದ ಕುಂಬಳದ ತಿರುಳು, ಅಷ್ಟೇ. ನವಣೆ ಮುಗಿದರೆ ಮುಗಿಯಿತು.

ದಿನಾ ಎರಡು ಹೊತ್ತು ಬೀದಿಯಲ್ಲಿ ಕೂತು ಉಂಡೆ. ಗಂಟೆ ಬಾರಿಸುತ್ತ ಕೂಡನ್ನದ ಗಾಡಿ ನನ್ನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಹಾಲೂಡಿಸುವ ಹಸಿವು ನಿಮಗೆ ಗೊತ್ತಿದೆ, ಆ ವಾಸನೆಗೆ ಕಣ್ಣು ಕತ್ತಲಿಡುತ್ತಿತ್ತು. ಜನ ನಿಂತು ನೋಡಿ ಹೋಗುತ್ತಿದ್ದರು. ಹಾಲು ಕಡಿಮೆಯಾಯಿತು, ಕೂದಲು ಉದುರಿತು. ಕಾಶವ್ವನ ಬಟ್ಟೆಯಲ್ಲಿ ರಕ್ತ ಮಾತ್ರ ಇದ್ದೇ ಇತ್ತು. ಹಳೆಯದು ಮೈಯಿಂದ ಹೋಗಲು ವಾರಗಳೇ ಬೇಕು ಎಂದು ಡಾಕ್ಟರು ಹೇಳುತ್ತಿದ್ದರು. ಆದರೆ ಅವರ ದನಿಯಲ್ಲಿದ್ದ ಗಟ್ಟಿತನ ದಿನದಿನಕ್ಕೆ ಇಳಿಯುವುದು ನನಗೆ ಕೇಳಿಸುತ್ತಿತ್ತು. ಮಾಬೂಬಿ ಚಿಗವ್ವ ನವಣೆ ಅಳೆದು ಕೊಟ್ಟ ಮೇಲೆ ಹೋಗದೆ ಅಲ್ಲೇ ಕೂರುತ್ತಿದ್ದಳು. ನಾನು ಒಂದು ತುತ್ತೂ ಬಿಡದಂತೆ ಕಾಯುತ್ತಿದ್ದಳೋ, ತನ್ನ ನವಣೆಗಾಗಿ ಮರುಗುತ್ತಿದ್ದಳೋ ಕೇಳಲಿಲ್ಲ.

ನವಣೆಯ ಮಡಕೆಯ ತಳ ಕಾಣತೊಡಗಿದಾಗ ಒಂದು ಬೆಳಿಗ್ಗೆ ಬಟ್ಟೆ ಹಳದಿಯಾಗಿತ್ತು. ಹಳದಿ ಮಾತ್ರ. ಮರುದಿನವೂ ಹಾಗೆಯೇ. ಕಾಶವ್ವ ಕುಡಿಯುತ್ತ ಕುಡಿಯುತ್ತ ಎದೆಯ ಮೇಲೇ ನಿದ್ದೆಹೋದಳು. ಅವಳ ಅಂಥ ನಿದ್ದೆಯನ್ನು ನಾನು ನೋಡಿಯೇ ಇರಲಿಲ್ಲ.

ನೀಲಪ್ಪ ಇಲ್ಲಿಗೆ ಸಾಕು ಎಂದ, ಕೂಸು ನಗುತ್ತಿರುವಾಗ ಅವಳನ್ನು ಮತ್ತೆ ಕೆಣಕುವುದು ಏತಕ್ಕೆ ಎಂದ. ನನಗೂ ಹಾಗೇ ಅನ್ನಿಸಿತು. ಆದರೆ ನವಣೆ ಉಳಿದಿರಲಿಲ್ಲ. ಯಾವುದು ಆಗುವುದಿಲ್ಲವೆಂದು ತಿಳಿಯಲು ಒಂದೊಂದನ್ನೇ ಮತ್ತೆ ಉಣ್ಣಬೇಕಿತ್ತು, ಬೇಕೆಂದೇ. ಗಿರಣಿಯವರು ಬೆರೆಸುವ ಮೊದಲೇ ಪ್ರತಿಯೊಂದನ್ನೂ ಬಿಡಿಯಾಗಿ ತಂದುಕೊಟ್ಟರು. ಗೋಧಿ ಉಂಡು ಕಾದೆ, ಏನೂ ಆಗಲಿಲ್ಲ. ಶೇಂಗಾ, ಮೊಟ್ಟೆ, ಸೋಯಾ, ಮೀನು, ನುಗ್ಗೆಸೊಪ್ಪು ಕೂಡ ಹಾಗೆಯೇ ದಾಟಿದವು. ಪ್ರತಿ ಸಲವೂ ಬಟ್ಟೆ ಬಿಚ್ಚುವಾಗ ನನ್ನ ಬೆರಳುಗಳು ಗಂಟಿನ ಮೇಲೆ ನಿಲ್ಲುತ್ತಿದ್ದವು. ಕೊನೆಗೆ ಹಾಲಿನ ಪುಡಿಯ ಸರದಿ ಬಂತು. ಎರಡನೆಯ ದಿನವೇ ಕಾಶವ್ವ ಬೆನ್ನು ಬಾಗಿಸಿದಳು, ಮೂರನೆಯ ದಿನ ರಕ್ತ ಕಂಡಿತು. ನನ್ನ ಕೈಯಾರೆ ಕೊಟ್ಟ ನೋವು ಅದು. ಆದರೂ ಆ ಕ್ಷಣ ಎದೆಯ ಮೇಲಿನ ಕಲ್ಲು ಇಳಿಯಿತೆಂದರೆ ನೀವು ನನ್ನನ್ನು ತಪ್ಪು ತಿಳಿಯಬೇಡಿ. ಶತ್ರು ಯಾರೆಂದು ಗೊತ್ತಾಗಿತ್ತು.

ಈಗ ಗಿರಣಿಯಲ್ಲಿ ಹಾಲಿನ ಪುಡಿ ಸುರಿಯುವ ಮೊದಲು ಒಂದು ಒಬ್ಬೆ ಹಿಟ್ಟನ್ನು ಬೇರೆಯಾಗಿ ತೆಗೆದು ಬೇಯಿಸುತ್ತಾರೆ. ಅದಕ್ಕಾಗಿ ಬರುವ ತಾಯಿ ನಾನೊಬ್ಬಳೇ ಅಲ್ಲ. ಕೆಳಗಿನ ಹೊಲದ ಆ ಪಟ್ಟಿ ಆ ವರ್ಷ ಬೀಳಾಗಿಯೇ ಉಳಿಯಿತು. ಮಳೆ ಹೇಗೋ ಕೈಹಿಡಿಯಿತು. ಹಿಡಿಯದಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸಲಾರೆ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಅತ್ತೆ ವಿಜಯಾಬಾಯಿಯ ಬಳಿಗೆ ತಾನಾಗಿಯೇ ಹೋದಳು. ನಾನೂ ಜೊತೆಗಿದ್ದೆ. ನೀಲಪ್ಪನಿಗಿಂತ ಮೊದಲು ಅವಳಿಗೊಂದು ಗಂಡುಕೂಸು ಆಗಿ ತೀರಿಕೊಂಡಿತ್ತೆಂಬುದು ನನಗೆ ಅಂದೇ ತಿಳಿದದ್ದು.

"ಅವನ ಬಟ್ಯಾಗೂ ಹಿಂಗ ಇರ್ತಿತ್ರೀ ಬಾಯಾರ," ಎಂದಳು. "ನನ್ನ ಹಾಲು ವಿಷ ಅಂದ್ರು. ನಾನೂ ಹೌದಂದ್ಕೊಂಡಿದ್ನಿ."

ಇಷ್ಟು ವರ್ಷಗಳ ಮೇಲೆ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಆಮೇಲೆ ಅವಳ ಕೈ ಹಿಡಿದು, ಹಾಲು ಯಾವತ್ತೂ ವಿಷವಾಗಿರಲಿಲ್ಲ, ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ ಎಂದರು. ದಾರಿಯುದ್ದಕ್ಕೂ ಅತ್ತೆ ನನ್ನ ಭುಜ ಹಿಡಿದುಕೊಂಡೇ ನಡೆದಳು. ಅಳಲಿಲ್ಲ.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೆ. ನಿಮ್ಮ ಮನೆಯಲ್ಲಿ ಒಬ್ಬಳು ನಾನುಂಡದ್ದು ಕೂಸಿಗೆ ಆಗುತ್ತಿಲ್ಲ ಎಂದರೆ ಅವಳನ್ನು ಹುಚ್ಚಿ ಅನ್ನಬೇಡಿ, ಅವಳ ಹಾಲನ್ನು ಹಳಿಯಬೇಡಿ. ಅವಳ ಸಪ್ಪೆ ತಾಟಿನ ಪಕ್ಕ ನಿಮ್ಮ ತಾಟನ್ನೂ ಇಟ್ಟುಕೊಂಡು ಕೂರಿ.

ಕಾಶವ್ವ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಇಂಥ ಬಹಳಷ್ಟು ಮಕ್ಕಳಿಗೆ ಈ ವಯಸ್ಸಿಗೆ ಕರುಳು ಗಟ್ಟಿಯಾಗುತ್ತದಂತೆ. ನಾಳೆ ಬೆಳಿಗ್ಗೆ ವಿಜಯಾಬಾಯಿಯ ಎದುರು ಅವಳ ಬಾಯಿಗೇ ಪುಡಿ ಕದಡಿದ ಹಾಲು ಒಂದು ಚಮಚ ಹಾಕಿ ನೋಡಬೇಕು. ಚಮಚವನ್ನು ಅತ್ತೆ ಆಗಲೇ ಕುದಿಸಿ ಒರೆಸಿ ಇಟ್ಟಿದ್ದಾಳೆ. ನೀಲಪ್ಪ ನಾಳೆ ಕಂಬ ಹತ್ತುವುದಿಲ್ಲ ಎಂದಿದ್ದಾನೆ. ನನಗೆ ಕೈ ಸುಮ್ಮನೆ ಇಟ್ಟುಕೊಂಡು ಕೂರಲು ಆಗುತ್ತಿಲ್ಲ, ಅದಕ್ಕೇ ಇವತ್ತು ಬರೆದೆ. ಏನಾಯಿತೆಂದು ನಿಮಗೆ ತಿಳಿಸಲಾರೆ, ಕ್ಷಮಿಸಿ. ಕಾಶವ್ವ ಎದ್ದಳು, ಕೂಗುತ್ತಿದ್ದಾಳೆ. ಹೋಗಿ ಎದೆಗೆ ಹಾಕಿಕೊಳ್ಳುತ್ತೇನೆ.

ನಿಮ್ಮ,
ಹೊನ್ನವ್ವ