ಗುಂಡನಿಗೊಂದು ಚೀಲ ಚಿಂದಿ

ತಾರೀಕು ಹನ್ನೊಂದು, ಗುರುವಾರ.

ಗುಂಡ ಇವತ್ತು ಬೀದಿಯಲ್ಲಿ ಉಚ್ಚೆ ಹೊಯ್ದ!

ನನ್ನ ಹೊಲಿಗೆ ಅಂಗಡಿಯಿಂದ ಅವನನ್ನು ಮನೆಗೆ ತಂದು ಒಂಬತ್ತು ದಿನ. ಎಷ್ಟು ಸುತ್ತಾಡಿಸಿದರೂ ಹೊರಗೆ ಒಂದು ತೊಟ್ಟು ಬಿಡುತ್ತಿರಲಿಲ್ಲ. ವಾಪಸು ಬಂದು ಮೆಟ್ಟಿಲ ಮೇಲಿನ ಕಾಲೊರೆಸುವ ಬಟ್ಟೆ ಕಂಡರೆ ಸಾಕು, ಅಲ್ಲೇ ಹೊಳೆ. "ಇನ್ನೊಂದ್ ಸಲ ಮೆಟ್ಟಿಲು ನಾರಿದ್ರೆ ನಾಯೀನ ಎಲ್ಲಾದ್ರೂ ಬಿಟ್ಬಿಡಮ್ಮ" ಎಂದು ಮನೆ ಯಜಮಾನಿ ಹೇಳಿದ ಮೇಲೆ ನನಗೆ ಊಟ ಇಳಿದಿಲ್ಲ. ಮೂತ್ರಕೋಶದಲ್ಲಿ ಕಲ್ಲಾಗಿದೆಯೋ, ನನ್ನನ್ನು ಕಂಡರೆ ಹೆದರಿಕೆಯೋ, ಏನೇನೋ ಯೋಚನೆ. ನಮ್ಮ ಯಜಮಾನರ ತಮಾಷೆ ಬೇರೆ: "ನೀನು ಹಂಗೆ ಗುರಾಯಿಸ್ತಾ ನಿಂತ್ರೆ ನಂಗೂ ಬರಲ್ಲ ಕಣೇ!"

ಮಧ್ಯಾಹ್ನ ಬಟ್ಟೆ ಕತ್ತರಿಸುವಾಗ ಹೊಳೆಯಿತು. ಅವನು ಬೆಳೆದದ್ದೇ ನನ್ನ ಮೇಜಿನ ಕೆಳಗಿನ ಚಿಂದಿ ರಾಶಿಯಲ್ಲಿ. ಹೇಗೂ ಎಸೆಯುವ ಚೂರು ತಾನೇ ಎಂದು, ಅದರ ಮೇಲೆ ಹೊಯ್ದರೂ ಸುಮ್ಮನಿದ್ದವಳು ನಾನು. ಬಟ್ಟೆಯಿಲ್ಲದ ಕಡೆ ಹೊಯ್ಯಬಾರದು ಎಂದುಕೊಂಡಿದ್ದಾನೆ, ಪಾಪ!

ಸಂಜೆ ಒಂದು ಚೀಲ ಚಿಂದಿ ಒಯ್ದು ಎದುರಿನ ಮರದ ಬುಡದಲ್ಲಿ ಹರಡಿದೆ. ಮೂಸಿದ, ಒಂದು ಸುತ್ತು ತಿರುಗಿದ, ಕಾಲೆತ್ತಿದ. ನಿಲ್ಲಿಸಲೇ ಇಲ್ಲ!

"ಹೊಯ್ದ, ಹೊಯ್ದ! ನೋಡ್ರೋ ಎಲ್ಲಾ!" ಮಹಡಿಯಿಂದ ಕೂಗಿದ್ದು ಯಜಮಾನಿಯೇ.

ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ತಲೆಗೆ ಇದು ಹೊಳೆಯಿತಲ್ಲ! ನಾಳೆಯಿಂದ ದಿನಕ್ಕೊಂದು ಹಿಡಿ ಚಿಂದಿ ಕಡಿಮೆ ಮಾಡುತ್ತಾ ಬರಬೇಕು. ಅಷ್ಟರಲ್ಲಿ ಯಜಮಾನಿ ಒಣಹಾಕಿದ ಹೊದಿಕೆ ಗಾಳಿಗೆ ಹಾರಿ ಅಂಗಳಕ್ಕೆ ಬಿದ್ದರೆ... ಬೇಡ. ಇವತ್ತೊಂದು ರಾತ್ರಿ ಅದನ್ನು ಯೋಚಿಸುವುದಿಲ್ಲ.